ಜಪಾನ್ ಗಿಟಾರು, ಈರುಳ್ಳಿ ಪೆಟ್ಟಿಗೆ

ಜಯದೇವಪ್ಪ ಆಟೋದಿಂದ ಇಳಿಸಿದ ಬೆಡ್‌ಶೀಟಿನ ಗಂಟು ನೋಡಿ ಶಿವಬಸಮ್ಮ ಅದು ತೊಟ್ಟಿಲು ಅಂದುಕೊಂಡಳು. ಸೊಸೆ ಸಂಗೀತಾ ಬಸುರಿ ಎಂದು ಗೊತ್ತಾಗಿ ಇನ್ನೂ ತಿಂಗಳು ಕಳೆದಿರಲಿಲ್ಲ. ಮಗು ಹುಟ್ಟುವ ಮೊದಲೇ ತೊಟ್ಟಿಲು ತರಬಾರದು ಅನ್ನುವಷ್ಟೂ ಈ ಗಂಡಸಿಗೆ ತಿಳಿಯದೇ ಎಂದು ಬೈಯಲು ಸಿದ್ಧಳಾಗಿಯೇ ಗೇಟಿನ ತನಕ ಹೋದಳು. ಗಂಟು ಬಿಚ್ಚಿದಾಗ ಹೊರಬಂದದ್ದು ಗಿಳಿಹಸಿರು ಪೇಂಟು ಬಳಿದ ಒಂದು ಗಿಟಾರು. ಅದರಲ್ಲಿ ಎರಡೇ ತಂತಿ ಉಳಿದಿದ್ದವು. ಕೆಳಗಿನ ಒಂದು ಮೂಲೆಯನ್ನು ಗೆದ್ದಲು ತಿಂದು ಮುಗಿಸಿತ್ತು.

"ಏನ್ರೀ ಇದು?"

"ಜಪಾನ್ ಗಿಟಾರ್. ಎಲೆಕ್ಟ್ರಿಕ್ಕು. ಚಕ್ರಪಾಣಿದು," ಎಂದು ಜಯದೇವಪ್ಪ ಗಿಟಾರಿನ ಬೆನ್ನು ತಿರುಗಿಸಿ, ಕುತ್ತಿಗೆ ಕೂಡುವ ಕಡೆ ಇದ್ದ ತಗಡನ್ನು ಅಂಗಿಯ ತೋಳಿನಿಂದ ಉಜ್ಜಿದ. ತುಕ್ಕಿನ ನಡುವೆ ಇಂಗ್ಲಿಷ್ ಅಕ್ಷರಗಳು ಕಂಡವು. "ನೋಡು, ಮೇಡ್ ಇನ್ ಜಪಾನ್ ಅಂತ ಬರೆದಿದೆ. ಈಗ ಹುಡುಕಿದರೂ ಸಿಗಲ್ಲ."

ಸಿಗದಿದ್ದರೆ ಯಾರಿಗೇನು ನಷ್ಟ ಎಂದು ಶಿವಬಸಮ್ಮ ಕೇಳಲಿಲ್ಲ. ಚಕ್ರಪಾಣಿ ಯಾರೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಟೆಲಿಫೋನ್ ಕಾರ್ಖಾನೆಯಲ್ಲಿ ಗಂಡನ ಜೊತೆಗಾರ, ಕಾರ್ಖಾನೆಯ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದವನು. ಜಯದೇವಪ್ಪ ಅದೇ ಆರ್ಕೆಸ್ಟ್ರಾದಲ್ಲಿ ಆಂಪ್ಲಿಫೈಯರ್ ಹೊರುತ್ತಿದ್ದ, ವೈರು ಸುತ್ತುತ್ತಿದ್ದ. ಗಣೇಶನ ಪೆಂಡಾಲಿನಿಂದ ಪೆಂಡಾಲಿಗೆ ಗಿಟಾರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದವನು ಇವನೇ. ಆದರೆ ಪೆಟ್ಟಿಗೆ ತೆರೆಯುವ ಅಧಿಕಾರ ಇವನಿಗಿರಲಿಲ್ಲ. ಮುಟ್ಟಬೇಡ ಕಣೋ ಜಯಾ, ಶ್ರುತಿ ಹೋಗುತ್ತೆ ಅನ್ನುತ್ತಿದ್ದನಂತೆ ಚಕ್ರಪಾಣಿ. ಈಗ ಆ ಮನುಷ್ಯನಿಗೆ ಸಕ್ಕರೆ ಕಾಯಿಲೆ, ಬೆರಳ ತುದಿಗಳಿಗೆ ಸ್ಪರ್ಶವಿಲ್ಲ. ತನ್ನ ಶ್ರೀನಗರದ ಮನೆಯ ಅಟ್ಟ ಖಾಲಿ ಮಾಡುವಾಗ ಸಿಕ್ಕಿದ್ದನ್ನು ತಗೊಂಡು ಹೋಗು ಎಂದಿದ್ದ. ಬಿಟ್ಟಿಯಾಗಿ ಏನೂ ಕೊಟ್ಟಿರಲಿಲ್ಲ. ಎಷ್ಟು ಕೊಟ್ಟಿರಿ ಎಂದು ಶಿವಬಸಮ್ಮ ಕೇಳಿದ್ದಕ್ಕೆ ಜಯದೇವಪ್ಪ ಕೈಕಾಲು ತೊಳೆಯಲು ಹೋದ.

ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಅವನು ಒಂದು ವರ್ಷ ಮನೆಯಲ್ಲಿ ಸುಮ್ಮನೆ ಕೂತಿದ್ದ. ಬೆಳಿಗ್ಗೆ ಹಾಲು ತರುವುದು, ಬನಶಂಕರಿ ದೇವಸ್ಥಾನದ ಹತ್ತಿರದ ಮಾರ್ಕೆಟ್ಟಿನಿಂದ ತರಕಾರಿ ತರುವುದು, ಕರೆಂಟ್ ಬಿಲ್ಲಿಗೆ ಸಾಲು ನಿಲ್ಲುವುದು, ಇವಿಷ್ಟೇ ಅವನ ಪಾಲಿನ ಕೆಲಸ. ಗಿಟಾರು ಬಂದ ವಾರದಲ್ಲೇ ಮೂರೂ ನಿಂತವು. ಹಾಲಿಗೆ ಶಿವಬಸಮ್ಮನೇ ಮೊಣಕಾಲು ನೋವಿನಲ್ಲಿ ಹೊರಟಳು. ಮಗ ಕೈಲಾಸ್ ಬಿಟಿಎಂ ಲೇಔಟಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಬೆಳಿಗ್ಗೆ ಹೋದರೆ ರಾತ್ರಿ ಊಟಕ್ಕೆ ಬರುವವನು, ಅವನಿಗೆ ಇದೊಂದೂ ಕಾಣುತ್ತಿರಲಿಲ್ಲ.

ಅವನಿಗೆ ಕಂಡದ್ದು ವಾಸನೆ. ಹಸಿರು ಬಣ್ಣ ಕೀಳಲು ಜಯದೇವಪ್ಪ ಮುಂದಿನ ಕೋಣೆಯಲ್ಲಿ ಥಿನ್ನರ್ ಡಬ್ಬಿ ತೆರೆದು ಕೂತ. ಸಂಗೀತಾ ಜಯನಗರದ ಶಾಲೆಯಲ್ಲಿ ಟೀಚರ್ ಕೆಲಸ ಮುಗಿಸಿ ಬಂದವಳು ಬಾಗಿಲು ದಾಟುವ ಮೊದಲೇ ಬಾಯಿಗೆ ಕೈ ಹಿಡಿದು ಬಚ್ಚಲಿಗೆ ಓಡಿದಳು. ಎರಡು ದಿನ ಹೀಗಾಯಿತು. ಮೂರನೆಯ ದಿನ ಊಟದ ಹೊತ್ತಿಗೆ ಕೈಲಾಸ್ ಮುದ್ದೆ ಮುರಿಯುತ್ತಾ, ತಲೆ ಎತ್ತದೆ ಮಾತು ತೆಗೆದ.

"ಅಪ್ಪಾ, ಅದನ್ನ ಹಿಂದಕ್ಕೆ ಹಾಕ್ಕೊಳ್ಳಿ. ಇವಳು ತಿಂದಿದ್ದು ಒಳಗೆ ನಿಲ್ತಾ ಇಲ್ಲ."

"ಇನ್ನೊಂದು ವಾರ ಕಣೋ."

"ವಾರ ಅಲ್ಲ, ನಾಳೆ. ಡಾಕ್ಟರು ಏನಂದ್ರು ಗೊತ್ತಾ ನಿಮಗೆ?"

ಡಾಕ್ಟರು ಏನೂ ಅಂದಿರಲಿಲ್ಲ, ಅವರನ್ನು ಯಾರೂ ಕೇಳಿರಲೇ ಇಲ್ಲ. ಆದರೂ ಮಾತು ನಾಟಿತು. ಮರುದಿನ ಜಯದೇವಪ್ಪ ಸರಂಜಾಮನ್ನೆಲ್ಲ ಹೊತ್ತು ಅಡುಗೆಮನೆಯ ಹಿಂದಿನ ಪಡಸಾಲೆಗೆ ಹೋದ. ಒಗೆಯುವ ಕಲ್ಲು, ಗ್ಯಾಸ್ ಸಿಲಿಂಡರು, ರಾಗಿ ಡ್ರಮ್ಮು ಇರುವ ಜಾಗ. ಈರುಳ್ಳಿ ಪೆಟ್ಟಿಗೆ ಇದ್ದದ್ದೂ ಅಲ್ಲೇ. ಅವನು ಆ ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಮಣೆ ಹಾಕಿಕೊಂಡು ಕೂತ. ಕಾಲಿನಿಂದ ಸರಿಸಿದ್ದು ಶಿವಬಸಮ್ಮನಿಗೆ ಚುರುಕ್ಕೆಂದಿತು, ಆದರೆ ಅವಳು ಒಲೆಯ ಕಡೆ ತಿರುಗಿದಳು.

ಆ ಪೆಟ್ಟಿಗೆ ಮೊದಲು ಹಾರ್ಮೋನಿಯಂ ಆಗಿತ್ತು. ದಾವಣಗೆರೆಯ ತವರಿನಿಂದ ಅವಳ ಜೊತೆ ಬಂದದ್ದು. ಮಠದ ಗವಾಯಿ ಕರಿಬಸವಯ್ಯನವರು ತಾವೇ ನಾಲ್ಕು ಅಂಗಡಿ ಅಲೆದು ಆರಿಸಿಕೊಟ್ಟಿದ್ದ ಸಾಗುವಾನಿ ಪೆಟ್ಟಿಗೆ. ಹುಡುಗಿಯ ಗಂಟಲು ಕಪ್ಪು ನಾಲ್ಕರ ಶ್ರುತಿಗೆ ಬೆಣ್ಣೆಯ ಹಾಗೆ ನಿಲ್ಲುತ್ತೆ, ಮದುವೆ ಅಂತ ಹಾಡು ಬಿಡಿಸಬೇಡಿ ಎಂದು ಅವರು ಅಪ್ಪನಿಗೆ ಹೇಳಿದ್ದರು. ಯಾರೂ ಬಿಡಿಸಲಿಲ್ಲ, ನಿಜ. ಶ್ರೀನಗರದ ವಠಾರದ ಒಂದೂವರೆ ಕೋಣೆಯ ಮನೆಗೆ ಬಂದಾಗ ಜಯದೇವಪ್ಪನಿಗೆ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದರೆ ಮಧ್ಯಾಹ್ನದ ತನಕ ನಿದ್ದೆ. ಅತ್ತೆ ಬಾಯಿಯ ಮೇಲೆ ಬೆರಳಿಟ್ಟು, ಅವನು ಮಲಗಲಿ ಕಣಮ್ಮ ಎಂದಳು. ಸಂಜೆ ನುಡಿಸೋಣ ಎಂದರೆ ಒಲೆ, ನೀರು, ಆಮೇಲೆ ಕೈಲಾಸನ ಅಳು. ಹೀಗೆ ಜಗಳವಿಲ್ಲದೆ, ಬೈಗುಳವಿಲ್ಲದೆ, ಹಾಡು ನಿಂತುಹೋಯಿತು. ಮುಚ್ಚಿಟ್ಟ ಹಾರ್ಮೋನಿಯಮ್ಮಿನ ಗಾಳಿ ಊದುವ ತಿದಿಯನ್ನು ಇಲಿಗಳು ಕಡಿದವು. ಬೋನಸ್ ಬರಲಿ, ರಿಪೇರಿ ಮಾಡಿಸೋಣ ಎಂದಿದ್ದ ಜಯದೇವಪ್ಪ. ಆ ಮಾತು ಅವನಿಗೆ ಮರೆತು ಎಷ್ಟು ವರ್ಷವಾಯಿತೋ.

ಒಂದು ದಿನ ಅತ್ತೆ ಅದನ್ನು ಹಂಡೆ ಒಲೆಗೆ ಹಾಕಲು ಹೊರಗೆಳೆದಿದ್ದಳು. ಶಿವಬಸಮ್ಮ ಓಡಿ ಬಂದು, ಇರಲಿ ಅತ್ತೆ, ಈರುಳ್ಳಿ ಹಾಕಿಡೋಕೆ ಬೇಕು ಅಂದಳು. ಕೆಲಸಕ್ಕೆ ಬರುವ ವಸ್ತು ಎಂದಾದ ಮೇಲೆ ಅತ್ತೆ ತಕರಾರು ಮಾಡಲಿಲ್ಲ. ಸ್ವರ ಹೊರಡಿಸುವ ಒಳಗಿನ ಹಿತ್ತಾಳೆ ರೀಡುಗಳನ್ನು ಒಂದೊಂದೇ ಬಿಚ್ಚಿ, ಮದುವೆಯ ರವಿಕೆಯ ರೇಷ್ಮೆ ತುಂಡಿನಲ್ಲಿ ಸುತ್ತಿ, ಟ್ರಂಕಿನ ತಳಕ್ಕೆ ಸೇರಿಸಿದಳು. ಹೊಟ್ಟೆಯೊಳಗೆ ಈರುಳ್ಳಿ ತುಂಬಿ, ಕಪ್ಪು ಬಿಳುಪು ಕೀಗಳ ಮೇಲೆ ಮುಚ್ಚಳ ಎಳೆದಳು. ಶ್ರೀನಗರದಿಂದ ಬನಶಂಕರಿಯ ಸ್ವಂತ ಮನೆಗೆ ಬಂದಾಗಲೂ ಪೆಟ್ಟಿಗೆ ಈರುಳ್ಳಿ ಸಮೇತ ಬಂತು. ಮನೆಯಲ್ಲಿ ಉಳಿದವರೆಲ್ಲರಿಗೂ ಅದು ಈರುಳ್ಳಿ ಪೆಟ್ಟಿಗೆ. ಅವಳಿಗೆ ಮಾತ್ರ ರಿಪೇರಿಗೆ ಕಾದಿರುವ ಹಾರ್ಮೋನಿಯಂ.

ಹಾಗಾಗಿ ಗಂಡ ಗಿಟಾರಿನ ಮುಂದೆ ಕೂತದ್ದನ್ನು ದಿನವೂ ನೋಡುವುದು ಅವಳಿಗೆ ಕಷ್ಟವಾಯಿತು. ಹೊಟ್ಟೆಕಿಚ್ಚೇ ಆಯಿತು ಅನ್ನಬೇಕು. ಮೂವತ್ತು ವರ್ಷದಲ್ಲಿ ನಿನ್ನ ಮೊಣಕಾಲು ಹೇಗಿದೆ ಎಂದು ಕೇಳದ ಮನುಷ್ಯ ಆ ಮರದ ಕುತ್ತಿಗೆಗೆ ಎಣ್ಣೆ ತಿಕ್ಕುತ್ತಿದ್ದ. ಬಾಗಿದ್ದ ಕುತ್ತಿಗೆ ನೇರವಾಗಲೆಂದು ಅದಕ್ಕೆ ಹಲಗೆ ಕಟ್ಟಿ, ಮೇಲೆ ರುಬ್ಬುವ ಗುಂಡು ಹೇರಿದ. ಚಟ್ನಿಗೆ ಗುಂಡು ಬೇಕು ಎಂದರೆ ಮಿಕ್ಸಿ ಇದೆಯಲ್ಲ ಎಂದ. ತಂತಿಯ ಕೆಳಗೆ ಸದ್ದು ಹಿಡಿಯುವ ಸುರುಳಿಯೊಂದು ಸತ್ತಿತ್ತು. ಕಾರ್ಖಾನೆಯಲ್ಲಿ ಜೀವನವಿಡೀ ಕಾಯಿಲ್ ಸುತ್ತಿದವನಿಗೆ ಅದೇನು ದೊಡ್ಡದಲ್ಲ. ಶಿವಬಸಮ್ಮನ ಹೊಲಿಗೆ ಯಂತ್ರದ ಚಕ್ರಕ್ಕೆ ಅದನ್ನು ಸಿಕ್ಕಿಸಿ, ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸುತ್ತಿದ. ಸಂಗೀತಾಳ ಬ್ಲೌಸುಗಳು ಹೊಲಿಗೆಯಾಗದೆ ಕುರ್ಚಿಯ ಮೇಲೆ ಬಿದ್ದಿದ್ದವು.

ಆದರೂ ಹಸಿರು ಬಣ್ಣ ಪೂರ್ತಿ ಹೋದ ದಿನ ಅವಳೂ ಸೌಟು ಹಿಡಿದೇ ಬಂದು ನೋಡಿದಳು. ಒಳಗಿದ್ದ ಬಣ್ಣ ಬೇರೆಯೇ. ನಡುವೆ ಜೇನಿನ ಹಳದಿ, ಅಂಚಿಗೆ ಬರುತ್ತಾ ಕೆಂಪು, ಕೊನೆಗೆ ಕಪ್ಪು. ಯಾವ ಪೆದ್ದ ಇದರ ಮೇಲೆ ಗೋಡೆಗೆ ಬಳಿಯೋ ಪೇಂಟು ಹಚ್ಚಿದನೋ ಎಂದು ಜಯದೇವಪ್ಪ ಬೈಯುತ್ತಿದ್ದ, ಮುಖ ಮಾತ್ರ ಅರಳಿತ್ತು. ಆಮೇಲೆ ಅವಳ ಕಡೆ ನೋಡಿ, ಅಪರೂಪಕ್ಕೆ ಮೆತ್ತಗೆ ಮಾತಾಡಿದ.

"ಹಳೇ ಸಾಮಾನು ಕೆಟ್ಟಿರಲ್ಲ ಕಣೆ. ಯಾರೂ ಕೈ ಹಾಕಿರಲ್ಲ, ಅಷ್ಟೆ."

ಆ ಮಾತನ್ನು ಶಿವಬಸಮ್ಮ ಮೈಗೆ ಹಚ್ಚಿಕೊಂಡಳು. ಹೇಳಿದವನು ಅಲ್ಲೇ ಮರೆತ, ಕೇಳಿಸಿಕೊಂಡವಳು ಅದನ್ನೇ ಹಿಡಿದು ಕೂತಳು. ಹೆಂಗಸರ ಸಂಘ ಅಕ್ಕನ ಬಳಗದ ಮಂಗಳವಾರದ ಭಜನೆಯಲ್ಲಿ ಅವಳು ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂತು ತಾಳ ಹಾಕುವವಳು. ಆ ವಾರ ಕಾರ್ಯದರ್ಶಿ ಕಮಲಾದೇವಿಯನ್ನು ಬದಿಗೆ ಕರೆದು, ಹಾರ್ಮೋನಿಯಮ್ಮಿಗೆ ಹೊಸ ತಿದಿ ಹಾಕಿಕೊಡುವವರು ಎಲ್ಲಾದರೂ ಇದ್ದಾರಾ ಎಂದು ವಿಚಾರಿಸಿದಳು. ಪೆಟ್ಟಿಗೆ, ರೀಡು ಎರಡೂ ಚೆನ್ನಾಗಿದ್ದರೆ ತಿದಿಯೇನು ದೊಡ್ಡ ಕೆಲಸವಲ್ಲ, ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ ಒಬ್ಬರಿದ್ದಾರೆ ಎಂದಳು ಕಮಲಾದೇವಿ. ಮನೆಗೆ ಬಂದ ಶಿವಬಸಮ್ಮ ಸಂಗೀತಾಳನ್ನು ಕೋಣೆಗೆ ಕರೆದು, ಟ್ರಂಕು ತೆರೆದು, ರೇಷ್ಮೆಯ ಗಂಟು ಬಿಚ್ಚಿ ತೋರಿಸಿದಳು. ಇಪ್ಪತ್ತೈದು ವರ್ಷದಲ್ಲಿ ಅದನ್ನು ಇನ್ನೊಬ್ಬರಿಗೆ ತೋರಿಸಿದ್ದು ಅದೇ ಮೊದಲು.

"ಅತ್ತೆ, ಮಾವಂಗೇ ಹೇಳಿ. ಅವರೇ ಮಾಡಿಕೊಡ್ತಾರೆ. ಈಗಂತೂ ಅದೇ ಗುಂಗಲ್ಲಿದ್ದಾರೆ."

"ಗಿಟಾರ್ ಮುಗೀಲಿ. ನಡುವೆ ಕೇಳಿದ್ರೆ ಸಿಡುಕ್ತಾರೆ."

ಅವಳು ಕಾದದ್ದು ಅದಕ್ಕೇ. ಆ ಗಂಡಸಿನ ಜೊತೆ ಬಾಳಿ ಕಲಿತದ್ದೇ ಅದು, ಅವನ ಕೆಲಸ ಮುಗಿಯುವ ತನಕ ತನ್ನದನ್ನು ಎತ್ತಬಾರದು ಅನ್ನುವುದು. ಅಷ್ಟು ದಿನ ಅವಳು ಹಾಲಿಗೆ ಹೋಗುವಾಗ ಗೊಣಗಲಿಲ್ಲ. ಗುಂಡಿನ ಚಟ್ನಿಯ ಮಾತೆತ್ತಲಿಲ್ಲ. ಪಡಸಾಲೆಗೆ ಎರಡು ಸಲ ಕಾಫಿ ಹೆಚ್ಚಿಗೇ ಹೋಯಿತು.

ಆಯುಧಪೂಜೆ ಬಂತು. ಕೈಲಾಸನ ಬೈಕು, ಜಯದೇವಪ್ಪನ ಹಳೆಯ ಸ್ಕೂಟರು, ಕತ್ತಿ, ಈಳಿಗೆಮಣೆ, ಹೊಲಿಗೆ ಯಂತ್ರ, ಎಲ್ಲವನ್ನೂ ತೊಳೆದು ಒರೆಸಿ ವಿಭೂತಿ ಪಟ್ಟೆ ಎಳೆದಾಯಿತು. ಗಿಟಾರಿಗೆ ಜಯದೇವಪ್ಪ ತಾನೇ ಮೂರು ಬೆರಳಿನ ವಿಭೂತಿ ಹಚ್ಚಿ ಸೇವಂತಿಗೆ ಇಟ್ಟ. ಈರುಳ್ಳಿ ಪೆಟ್ಟಿಗೆಯ ಬಳಿ ಶಿವಬಸಮ್ಮ ಕೂತಳು. ಮುಚ್ಚಳದ ಧೂಳು ಒರೆಸಿ, ವಿಭೂತಿ ಹಚ್ಚಿ, ಒಂದು ಹೂವು ಏರಿಸಿದಳು. ಪ್ರತಿ ವರ್ಷ ಎಲ್ಲರೂ ಆಚೆ ಹೋದ ಮೇಲೆ ಮಾಡುತ್ತಿದ್ದ ಕೆಲಸವನ್ನು ಈ ಸಲ ಅವನ ಎದುರಿಗೇ ಮಾಡಿದಳು. ಕೇಳಲಿ ಎಂದೇ ಮಾಡಿದಳು.

"ಈರುಳ್ಳಿ ಡಬ್ಬಕ್ಕೂ ಪೂಜೆನಾ?" ಎಂದು ಜಯದೇವಪ್ಪ ನಕ್ಕ.

ಆ ಹೊತ್ತಿನಲ್ಲಿ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಹೊರಗೆ ಕೈಲಾಸ್ ಬೈಕಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡೋರು ಯಾರು ಎಂದು ಕೂಗಿದ. ಬಂದೆ ಎಂದು ಅವಳು ಎದ್ದಳು. ವಿಜಯದಶಮಿಯ ಬೆಳಿಗ್ಗೆ ಪುಟ್ಟೇನಹಳ್ಳಿಯಲ್ಲಿರುವ ತಂಗಿಯ ಮನೆಗೆ ಬನ್ನಿ ಕೊಡಲು ಹೋಗಿ, ಊಟ ಮಾಡಿಕೊಂಡು ಸಂಜೆಗೆ ಬಂದಳು.

ಪಡಸಾಲೆಯಲ್ಲಿ ಈರುಳ್ಳಿಯೆಲ್ಲ ಹಾಸಿದ ದಿನಪತ್ರಿಕೆಯ ಮೇಲೆ ಹರಡಿತ್ತು. ಪಕ್ಕದಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಮೂರಂತಸ್ತಿನ ಸ್ಟ್ಯಾಂಡು, ಬೆಲೆಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಪೆಟ್ಟಿಗೆ ಇದ್ದ ಜಾಗದಲ್ಲಿ ಮರದ ಪುಡಿ. ಗಿಟಾರು ಜಯದೇವಪ್ಪನ ತೊಡೆಯ ಮೇಲಿತ್ತು. ಗೆದ್ದಲು ತಿಂದ ಮೂಲೆಯಲ್ಲಿ ಈಗ ಸಾಗುವಾನಿ ತುಂಡು ಕೂತಿತ್ತು, ಅಂಟು ಒಣಗಲೆಂದು ಹಗ್ಗದಿಂದ ಬಿಗಿದಿದ್ದ. ಕತ್ತಿನ ಮೇಲ್ಗಡೆ, ಆರು ತಂತಿಗಳು ಹಾದುಹೋಗುವ ಕಡೆ, ಒಂದು ಪುಟ್ಟ ಕಪ್ಪು ಮರದ ಪಟ್ಟಿ.

"ಬಂದ್ಯಾ? ನೋಡಿಲ್ಲಿ," ಎಂದ ಅವನು. "ಟಿಂಬರ್ ಡಿಪೋದಲ್ಲಿ ಸಿಗೋದೆಲ್ಲಾ ಹಸಿ ಮರ, ಆರು ತಿಂಗಳಿಗೆ ಬಾಗುತ್ತೆ. ಇದು ನೋಡು, ಕಲ್ಲು. ಕಪ್ಪು ಕೀ ಅಂತೂ ಹೇಳಿ ಮಾಡಿಸಿದ ಹಾಗೆ ಕೂತ್ಕೊಳ್ತು. ನಿನಗೆ ಸ್ಟ್ಯಾಂಡ್ ತಂದಿದ್ದೀನಿ, ಗಾಳಿ ಆಡುತ್ತೆ, ಈರುಳ್ಳಿ ಕೊಳೆಯಲ್ಲ."

ಉಳಿದದ್ದು ಎಲ್ಲಿ ಎಂದು ಕೇಳಿದಳು. ಒಳ್ಳೆಯ ತುಂಡುಗಳನ್ನು ತೆಗೆದಿಟ್ಟು ಮಿಕ್ಕಿದ್ದನ್ನು ಮೂಲೆಮನೆಯ ಪಾರ್ವತಮ್ಮ ನೀರೊಲೆಗೆಂದು ಕೇಳಿದ್ದಕ್ಕೆ ಕೊಟ್ಟೆ ಎಂದ. ಶಿವಬಸಮ್ಮ ಅತ್ತೆಯ ಕೈಯಿಂದ ಬಿಡಿಸಿಕೊಂಡದ್ದನ್ನು ಗಂಡನ ಕೈ ಒಲೆಗೇ ಮುಟ್ಟಿಸಿತ್ತು. ಅವಳು ಸೀರೆ ಬದಲಿಸಿ ಬಂದು, ಪತ್ರಿಕೆಯ ಮೇಲಿದ್ದ ಈರುಳ್ಳಿಯನ್ನೆಲ್ಲ ಮಡಿಲಿಗೆ ಬಳಿದುಕೊಂಡು ಮನೆಗೆಲಸದವಳ ಚೀಲಕ್ಕೆ ಸುರಿದಳು. ಅಷ್ಟೂನಾ ಅಕ್ಕ ಎಂದು ಕೆಲಸದವಳು ಎರಡು ಸಲ ಕೇಳಿದಳು. ಅಷ್ಟೂ ಎಂದಳು ಶಿವಬಸಮ್ಮ.

ಮರುದಿನದಿಂದ ಆ ಮನೆಯಲ್ಲಿ ಈರುಳ್ಳಿ ನಿಂತಿತು. ಹುಳಿಗೆ ಇಲ್ಲ, ಪಲ್ಯಕ್ಕೆ ಇಲ್ಲ, ಅಕ್ಕಿರೊಟ್ಟಿಗೂ ಇಲ್ಲ. ಉಪ್ಪಿಟ್ಟು ಮದುವೆಮನೆಯ ಕೇಸರಿಭಾತಿನ ಹಾಗೆ ನುಣ್ಣಗೆ ತಟ್ಟೆಗೆ ಬಿತ್ತು.

"ಏನಮ್ಮ, ಯಾವುದಾದ್ರೂ ವ್ರತಾನಾ?" ಎಂದು ಕೈಲಾಸ್ ಕೇಳಿದ.

"ವ್ರತ ಅಲ್ಲ. ಇಡೋಕೆ ಜಾಗ ಇಲ್ಲ."

"ಅಲ್ಲಿ ಸ್ಟ್ಯಾಂಡ್ ಇದೆಯಲ್ಲ?"

"ಅದು ನಿಮ್ಮಪ್ಪಂದು."

ಜಯದೇವಪ್ಪ ಮೂರು ದಿನ ಸಹಿಸಿದ. ನಾಲ್ಕನೆಯ ದಿನ ತಾನೇ ಎರಡು ಕೇಜಿ ಈರುಳ್ಳಿ ತಂದು ಸ್ಟ್ಯಾಂಡಿನಲ್ಲಿ ಸುರಿದ. ಅವು ಅಲ್ಲೇ ಮೊಳಕೆ ಒಡೆದವು. ಇವಳೇ, ನಿನಗೇನಾಗಿದೆ ಎಂದು ಕೇಳಿದರೆ ನನಗೇನಾಗಬೇಕು ಎಂಬ ಉತ್ತರ ಸಿಗುತ್ತಿತ್ತು. ಅತ್ತ ಗಿಟಾರಿಗೆ ಆರು ಹೊಸ ತಂತಿ ಬಿದ್ದವು. ಚಕ್ರಪಾಣಿಯ ಮನೆಯಿಂದ ಹಳೆಯ ಆಂಪ್ಲಿಫೈಯರ್ ಬಂತು. ಮಧ್ಯಾಹ್ನ ಶಾಲೆಯಿಂದ ಬಂದ ಸಂಗೀತಾ ತಲೆ ದಿಂಬಿಗಿಟ್ಟರೆ ಸಾಕು, ಮುಂದಿನ ಕೋಣೆಯಲ್ಲಿ ಗುಂಯ್ ಎಂದು ಶುರುವಾಗುತ್ತಿತ್ತು. ರಸ್ತೆಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ನುಡಿಸಲು ಕರೆದಿದ್ದರಂತೆ. ಒಂದೇ ಹಳೆಯ ಚಿತ್ರಗೀತೆ, ಅದರ ಮೊದಲ ಎರಡು ಸಾಲು, ಮತ್ತೆ ಮತ್ತೆ ಎಡವುತ್ತಾ ಎದ್ದೇಳುತ್ತಾ.

ಒಂದು ಮಧ್ಯಾಹ್ನ ಸಂಗೀತಾಳಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಪ್ಲಗ್ಗನ್ನು ತಾನೇ ಕಿತ್ತಳು.

"ಮಾವ, ನಾನು ಸ್ವಲ್ಪ ಮಲಗಬೇಕು."

ಅವನು ಬೆರಗಾಗಿ ಸೊಸೆಯ ಮುಖ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತ ಶಿವಬಸಮ್ಮನಿಗೆ ನಗು ಬಂತು, ಕಹಿಯಾದ ನಗು. ಇಷ್ಟು ಸುಲಭವೇ, ಇಷ್ಟೇ ಮಾತು ಸಾಕೇ? ತನಗೆ ಮಾತ್ರ ಅದು ಬಾರದೇ ಹೋಯಿತೇ? ಆದರೆ ಸಂಗೀತಾ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅತ್ತೆ ಬೇಡ ಎಂದು ಕೈ ಆಡಿಸಿದರೂ ಕೇಳದೆ ಎಲ್ಲವನ್ನೂ ಹೇಳಿದಳು, ಗವಾಯಿಗಳ ಮಾತು, ಹಂಡೆ ಒಲೆ, ಕಮಲಾದೇವಿ ಕೊಟ್ಟ ವಿಳಾಸ, ಟ್ರಂಕಿನಲ್ಲಿರುವ ರೀಡು. ಗಿಟಾರ್ ಮುಗಿಯಲಿ ಎಂದು ಕಾಯುತ್ತಾ ಇದ್ದರು ಮಾವ ಎಂದಳು.

ಜಯದೇವಪ್ಪನ ಬೆರಳುಗಳು ಆ ಕಪ್ಪು ಪಟ್ಟಿಯ ಮೇಲೆ ಹೋದವು. ಅಷ್ಟರಲ್ಲೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಮೊದಲೇ ಹೇಳಬಾರದಾ?" ಎಂದ ಹೆಂಡತಿಗೆ. "ಈರುಳ್ಳಿ ತುಂಬಿಟ್ಟೋಳು ನೀನೇ. ನನಗೇನು ಕನಸು ಬೀಳುತ್ತಾ?"

"ಬೋನಸ್ ಬಂದ ಮೇಲೆ ರಿಪೇರಿ ಅಂದೋರು ನೀವು."

"ಯಾವ ಬೋನಸ್ಸು?"

ಅವಳು ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ಬಂದ ಕೈಲಾಸ್, ಒಂದು ಡಬ್ಬಕ್ಕೆ ಇಷ್ಟೊಂದು ರಂಪ ಬೇಕಾ ಅಮ್ಮ, ಹೊಸ ಹಾರ್ಮೋನಿಯಮ್ಮೇ ತಂದುಕೊಟ್ಟರಾಯಿತು ಎಂದ. ಜಯದೇವಪ್ಪ ತಕ್ಷಣ ಹೌದು ಹೌದು, ಹೊಸದೇ ಕೊಡಿಸ್ತೀನಿ ಎಂದ. ಅಪ್ಪ ಮಗ ಇಬ್ಬರಿಗೂ ಸಮಾಧಾನವಾಯಿತು. ಅವರು ಊಟ ಮುಗಿಸಿ ಎದ್ದರು. ಸಂಗೀತಾ ಮಾತ್ರ ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಕೂತಿದ್ದಳು.

ರಾಜ್ಯೋತ್ಸವದ ಸಂಜೆ ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಮಕ್ಕಳ ಕುಣಿತ, ಸಂಘದ ಅಧ್ಯಕ್ಷರ ಭಾಷಣ ಆದ ಮೇಲೆ ಜಯದೇವಪ್ಪನ ಹೆಸರು ಕರೆದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಹೊಳೆಯುವ ಗಿಟಾರು ಹೆಗಲಿಗೆ ಹಾಕಿಕೊಂಡು ಅವನು ಮೆಟ್ಟಿಲೇರಿದ. ಮುಂದಿನ ಸಾಲಿನಲ್ಲಿ ಚಕ್ರಪಾಣಿ, ಅವನ ಹಿಂದೆ ಬಳಗದ ಹೆಂಗಸರು, ಅವರ ನಡುವೆ ಶಿವಬಸಮ್ಮ. ಬರುವುದಿಲ್ಲ ಎಂದಿದ್ದವಳನ್ನು ಕಮಲಾದೇವಿಯೇ ಕೈ ಹಿಡಿದು ಕರೆತಂದಿದ್ದಳು. ಎರಡು ಕಡೆ ಬೆರಳು ಜಾರಿದರೂ ಜಯದೇವಪ್ಪ ಹಾಡನ್ನು ಪೂರ್ತಿ ಮಾಡಿದ. ಚೆನ್ನಾಗಿಯೇ ಇತ್ತು. ಇಲ್ಲ ಅಂದರೆ ಸುಳ್ಳಾದೀತು. ಜನ ಚಪ್ಪಾಳೆ ಹೊಡೆದರು, ಚಕ್ರಪಾಣಿ ಕಣ್ಣೊರೆಸಿಕೊಂಡ.

ಆಮೇಲೆ ಜಯದೇವಪ್ಪ ಮೈಕು ಹತ್ತಿರ ಎಳೆದುಕೊಂಡ.

"ಈ ಗಿಟಾರಿಗೆ ಒಂದು ಮೂಲೆ ಇರಲಿಲ್ಲ," ಎಂದ. "ನನ್ನ ಮನೆಯವರು ತವರಿಂದ ತಂದ ಹಾರ್ಮೋನಿಯಂನ ಇದಕ್ಕೋಸ್ಕರ ಕೊಟ್ಟರು. ಮನಸಾರೆ ಕೊಟ್ಟರು. ಹಾಗಾಗಿ ಇದು ನಮ್ಮಿಬ್ಬರದೂ. ಅವರು ಒಳ್ಳೆ ಹಾಡುಗಾರ್ತಿ. ಒಂದು ವಚನ ಹಾಡಬೇಕು ಅಂತ ಕೇಳಿಕೊಳ್ತೀನಿ."

ಈ ಸಲ ಚಪ್ಪಾಳೆ ಮೊದಲಿಗಿಂತ ಜೋರಾಗಿತ್ತು. ಎಂಥ ದೊಡ್ಡ ಮನಸ್ಸು ನೋಡಿ ಎಂದು ಯಾರೋ ಅಂದರು. ಒಲೆಗೆ ಮಿಕ್ಕಿದ್ದನ್ನು ಒಯ್ದ ಪಾರ್ವತಮ್ಮ ಕೂಡ ತಿರುಗಿ ನೋಡಿ ತಲೆದೂಗಿದಳು. ಶಿವಬಸಮ್ಮನಿಗೆ ಮೈಯೆಲ್ಲ ಉರಿಯಿತು. ಮುರಿದದ್ದನ್ನಾದರೂ ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು, ಅವನಿಗೆ ಗೊತ್ತಿರಲಿಲ್ಲ ಎಂದಾದರೂ ಅಂದುಕೊಳ್ಳುತ್ತಿದ್ದಳು. ಈಗ ಗೊತ್ತಿದ್ದೂ ಅದನ್ನು ಅವಳ ದಾನ ಮಾಡಿಬಿಟ್ಟಿದ್ದ. ಇಷ್ಟು ಜನ ಚಪ್ಪಾಳೆ ತಟ್ಟಿದ ಮೇಲೆ ಅವಳಿಗೆ ಬೇಸರಪಡುವ ಹಕ್ಕೂ ಉಳಿಯುವುದಿಲ್ಲ.

ಅವಳು ಎದ್ದಳು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಜಯದೇವಪ್ಪ ನಗುತ್ತಾ ಮೈಕನ್ನು ಅವಳ ಎತ್ತರಕ್ಕೆ ಇಳಿಸಿದ, ತಂತಿಯ ಮೇಲೆ ಬೆರಳಿಟ್ಟು, ಯಾವ ಶ್ರುತಿ ಎಂದು ಕಿವಿಯಲ್ಲಿ ಕೇಳಿದ. ಮದುವೆಯಾದ ಮೇಲೆ ಅವನು ಅವಳನ್ನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವಳು ಗಿಟಾರಿನ ಕತ್ತಿನ ಮೇಲಿದ್ದ ಕಪ್ಪು ಪಟ್ಟಿಯನ್ನು ನೋಡಿದಳು. ಆಮೇಲೆ ಜನರ ಕಡೆ ತಿರುಗಿದಳು.

"ನಾನು ಕೊಟ್ಟಿಲ್ಲ," ಎಂದಳು. "ಅವರೇ ತಗೊಂಡ್ರು. ನನ್ನನ್ನ ಕೇಳಲಿಲ್ಲ."

ಅಷ್ಟು ಹೇಳಿ ಕೈ ಮುಗಿದು ಇಳಿದಳು. ಅಧ್ಯಕ್ಷರು ಓಡಿಬಂದು ಮುಂದಿನ ಕಾರ್ಯಕ್ರಮ ಮಕ್ಕಳ ಛದ್ಮವೇಷ ಎಂದರು.

ಮನೆಯಲ್ಲಿ ಅವಳು ಕುಕ್ಕರ್ ಇಟ್ಟು ಸಾರು ಕುದಿಸುವಷ್ಟರಲ್ಲಿ ಅಪ್ಪ ಮಗ ಬಂದರು. ಕೈಲಾಸ್, ಮಾನ ಕಳೆದೆ ಅಮ್ಮ, ನಾಳೆ ಈ ರಸ್ತೆಯಲ್ಲಿ ಹೇಗೆ ಓಡಾಡೋದು ಎಂದು ಕೂಗಾಡಿದ. ಸಂಗೀತಾ ಅವನನ್ನು ಕೋಣೆಗೆ ಎಳೆದುಕೊಂಡು ಹೋದಳು. ಗಿಟಾರನ್ನು ಗೋಡೆಗೆ ಒರಗಿಸಿ ಜಯದೇವಪ್ಪ ತಟ್ಟೆಯ ಮುಂದೆ ಕೂತ. ಬಿಳಿ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಅಷ್ಟು ಜನದ ಮುಂದೆ ಹಾಗೆ ಹೇಳಬೇಕಿತ್ತಾ?"

"ಅಷ್ಟು ಜನದ ಮುಂದೆ ಕರೆದೋರು ನೀವು."

ಅವನು ಅನ್ನಕ್ಕೆ ಗುಂಡಿ ಮಾಡಿ ಕಾದ. ಅವಳು ಸಾರು ಹಾಕಿದಳು. ಒಂದು ತುತ್ತು ಇಳಿದ ಮೇಲೆ ಅವನೇ ಮತ್ತೆ ಮಾತಾಡಿದ. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ಏನಾದರೂ ಮಾಡಬೇಕು ಅನ್ನುವ ಆಸೆಯೇ ಇತ್ತು.

"ಆ ರೀಡು ಇವೆ ಅಂದಳಲ್ಲ ಸಂಗೀತಾ. ಎಲ್ಲಿವೆ? ಕೊಡು. ಹೊಸ ಪೆಟ್ಟಿಗೆ ಮಾಡಿ ನಾನೇ ಕೂರಿಸಿಕೊಡ್ತೀನಿ."

ಶಿವಬಸಮ್ಮ ಸಾರಿನ ಪಾತ್ರೆ ಕೆಳಗಿಟ್ಟಳು. ಅವನ ಕೈಗಳನ್ನು ನೋಡಿದಳು. ಥಿನ್ನರಿನಿಂದ ಬಿರುಕುಬಿಟ್ಟ, ತಂತಿಯಿಂದ ತುದಿ ಗಟ್ಟಿಯಾದ, ಬೇಕೆಂದರೆ ಎಂಥ ಸತ್ತ ವಸ್ತುವಿಗೂ ಜೀವ ಕೊಡಬಲ್ಲ ಕೈಗಳು. ಅವನು ಮಾಡಿಯೂ ಮಾಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಅದೂ ಅವನದೇ ಆಗುತ್ತದೆ ಅನ್ನುವುದೂ ಗೊತ್ತಿತ್ತು.

"ಟ್ರಂಕಿನಲ್ಲಿದ್ದವು," ಎಂದಳು. "ಈಗ ಅಲ್ಲಿಲ್ಲ."

"ಮತ್ತೆ ಎಲ್ಲಿ?"

"ನಿಮಗೆ ಹೇಳಲ್ಲ. ಊಟ ಮಾಡಿ."

ಅವನು ತಟ್ಟೆಗೆ ಬಗ್ಗಿದ. ಸಾರಿನಲ್ಲಿ ಅಂದೂ ಈರುಳ್ಳಿ ಇರಲಿಲ್ಲ.